ನಾವೇ ತೆಗೆದ ಫೋಟೋ, ನಾವೇ ಆರಿಸುವಾಗ

ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ಮುಹೂರ್ತದ ಗಡಿಬಿಡಿಗಿಂತ ಆಮೇಲಿನ ಸೆಲೆಕ್ಷನ್ ನನಗೆ ಕಷ್ಟ. ನಮ್ಮ ಫೋಟೋ ನೋಡುವಾಗ ಅದಕ್ಕೆ ಪಟ್ಟ ಪಾಡೂ ನೆನಪಾಗುತ್ತದೆ. ನೂಕುನುಗ್ಗಲು, ಅಡ್ಡ ಬರುವ ಮೊಬೈಲ್‌ಗಳು, ಕುರ್ಚಿ ಹತ್ತಿ ಹಿಡಿದ ಮಾಂಗಲ್ಯಧಾರಣೆ. ಆಲ್ಬಂ ತೆರೆಯುವವರಿಗೆ ಆ ಕುರ್ಚಿ ಗೊತ್ತಿಲ್ಲ ಅಲ್ವಾ? ಹುಡುಗನ ಮೊಣಕೈ ಹಿಂದೆ ಹುಡುಗಿಯ ಮುಖ ಮರೆಯಾಗಿದ್ದರೆ ಅವರಿಗೆ ಕಾಣುವುದು ಅದೊಂದೇ.

ಅದಕ್ಕೇ ಮದುವೆ ಮುಗಿದ ರಾತ್ರಿ ಕಾರ್ಡ್ ಕಾಪಿ ಮಾಡಿ, ಬ್ಯಾಕಪ್ ಇಟ್ಟು ಸುಮ್ನೆ ಬಿಡುತ್ತೇನೆ. ಆರಿಸಲು ಕೂರುವುದು ಕೆಲವು ದಿನ ಕಳೆದ ಮೇಲೆ.

ಕ್ಯಾಮೆರಾ ಹಿಂದಿನ ಸ್ಕ್ರೀನ್ ನಂಬಬೇಡಿ. ಅಷ್ಟು ಚಿಕ್ಕದರಲ್ಲಿ ಎಲ್ಲವೂ ಶಾರ್ಪ್. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆದರೂ ಅಲ್ಲಿ ಕಾಣುವುದು ಕ್ಯಾಮೆರಾ ತಾನೇ ಬಣ್ಣ, ಕಾಂಟ್ರಾಸ್ಟ್ ಸೇರಿಸಿ ಮಾಡಿದ ಜೆಪೆಗ್. ಕತ್ತಲ ಛತ್ರದಲ್ಲಿ ಸ್ಕ್ರೀನ್ ಇನ್ನೂ ಬೆಳ್ಳಗೆ ಕಾಣುತ್ತದೆ. ಬೆಳಕಿಗೆ ಹಿಸ್ಟೋಗ್ರಾಂ, ಅಂದರೆ ಫೋಟೋದಲ್ಲಿ ಕತ್ತಲು-ಬೆಳಕು ಎಷ್ಟಿದೆ ಎಂದು ತೋರಿಸುವ ಗ್ರಾಫ್ ನೋಡಿ. ಫೋಕಸ್‌ಗೆ ಕಂಪ್ಯೂಟರ್‌ನಲ್ಲಿ 100 ಪರ್ಸೆಂಟ್ ಝೂಮ್ ಮಾಡಿ ಕಣ್ಣಿನ ರೆಪ್ಪೆ ನೋಡಿ.

"ಕ್ರಾಪ್ ಮಾಡಿದರೆ ಸರಿಹೋಗುತ್ತೆ" ಅನ್ನುವವರು ಲೆಕ್ಕ ಹಾಕಬೇಕು. ಎರಡು ಪುಟ ಬಿಚ್ಚಿದಾಗ 12 ಬೈ 36 ಇಂಚಾಗುವ ಆಲ್ಬಂನಲ್ಲಿ ಒಂದು ಪುಟ 12 ಬೈ 18 ಇಂಚು. 300 ಡಿಪಿಐ (ಇಂಚಿಗೆ 300 ಚುಕ್ಕಿ) ಪ್ರಿಂಟ್‌ಗೆ 3600 ಬೈ 5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 4000 ಬೈ 6000. ಉದ್ದದಲ್ಲೂ ಅಗಲದಲ್ಲೂ ಕತ್ತರಿಸಲು ಸಿಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಮೊಬೈಲ್‌ನಲ್ಲಿ ಚೆನ್ನಾಗಿ ಕಂಡದ್ದು ಪುಟ ತುಂಬಿದಾಗ ಮಂಕಾಗುವುದು ಹೀಗೆ.

ಹಾಗಂತ ಬ್ಲರ್ ಇದ್ದದ್ದೆಲ್ಲ ಕೆಟ್ಟದ್ದಲ್ಲ. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಅಕ್ಷತೆ ಗೆರೆಗೆರೆಯಾಗಿ ಬರುತ್ತದೆ. ಮುಖಗಳು ನಿಚ್ಚಳವಾಗಿದ್ದರೆ ಅದರಲ್ಲಿ ಜೀವ ಇದೆ. ಮುಖ, ಕಂಬ, ದೀಪ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ನಮ್ಮ ಕೈ. ಆಗಲೂ ನಾನು ಒಂದು ವಿನಾಯಿತಿ ಕೊಡುತ್ತೇನೆ. ಧಾರೆ ಎರೆಯುವಾಗ ಅಪ್ಪನ ಕಣ್ಣು ತುಂಬಿದ ಫೋಟೋ ಸ್ವಲ್ಪ ಶೇಕ್ ಆಗಿದ್ದರೂ ಉಳಿಸುತ್ತೇನೆ. ಆ ಕ್ಷಣ ಮತ್ತೆ ತೆಗೆಯಲು ಸಿಗುವುದಿಲ್ಲ. ಸ್ಟೇಜ್ ಮೇಲಿನ ಗ್ರೂಪ್ ಫೋಟೋಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಇನ್ನೊಂದು ಕ್ಲಿಕ್ ಮಾಡಲು ಸಮಯ ಇರುತ್ತದೆ.

ಕೊನೆಗೆ, ಆ ಮದುವೆಗೆ ಬಾರದ ಒಬ್ಬರಿಗೆ ತೋರಿಸುತ್ತೇನೆ. "ಹೇಗಿದೆ?" ಎಂದು ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಮೊದಲು ಏನು ಕಾಣಿಸ್ತು?" ಎಂದು ಕೇಳುತ್ತೇನೆ. ಮದುಮಕ್ಕಳಿಗಿಂತ ಮೊದಲು ಹಿಂದಿನ ಟ್ಯೂಬ್‌ಲೈಟ್ ಮಾತು ಬಂದರೆ, ಆ ಫೋಟೋ ಆಲ್ಬಂಗೆ ಹೋಗುವುದಿಲ್ಲ.