ಕಿಟ್ ಬೆಲೆಯೊಂದೇ ಖರ್ಚಲ್ಲ: ಹಳೇ ಎಂಜಿಬಿಗೆ ಇಂಜೆಕ್ಷನ್ ಹಾಕಿಸುವ ಲೆಕ್ಕ

ಇಂಗ್ಲೆಂಡಿನ ಕವೆಂಟ್ರಿ ಹತ್ತಿರ, ಹಳೇ ಬ್ರಿಟಿಷ್ ಕಾರುಗಳನ್ನು ರಿಪೇರಿ ಮಾಡುವ ಸಣ್ಣ ಗ್ಯಾರೇಜಿನಲ್ಲಿ ನನ್ನ ಕೆಲಸ. ಎಂಜಿಬಿ, ಟ್ರಯಂಫ್, ಹಳೇ ಮಿನಿ ಇವೇ ಜಾಸ್ತಿ ಬರುತ್ತವೆ. ಎಸ್ಟಿಮೇಟ್ ಬರೆಯುವುದೂ ನಾನೇ. ಹಾಗಾಗಿ ಒಂದು ಪ್ರಶ್ನೆ ಪದೇ ಪದೇ ನನ್ನ ಮುಂದೆ ಬರುತ್ತೆ: ಕಾರ್ಬೊರೇಟರ್ ತೆಗೆದು ಫ್ಯುಯೆಲ್ ಇಂಜೆಕ್ಷನ್ ಹಾಕಿಸಿದರೆ ಎಷ್ಟಾಗುತ್ತೆ? ಕಾರ್ಬೊರೇಟರ್ ಅಂದರೆ ಎಂಜಿನ್ ಎಳೆಯುವ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಯಂತ್ರ. ಇಂಜೆಕ್ಷನ್ನಿನಲ್ಲಿ ಪೆಟ್ರೋಲನ್ನು ಒತ್ತಡದಿಂದ ಅಳತೆಯಾಗಿ ಚಿಮ್ಮಿಸುತ್ತಾರೆ.

ಈಚೆಗೆ ಕೇಳಿದವರು ನಮ್ಮ ಹಾಸನದ ಕಡೆಯವರು. ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿ ಬಹಳ ವರ್ಷವಾಗಿದೆ. ಗಾಡಿ 1969ರ ಎಂಜಿಬಿ. ಕಿಟ್‌ನ ಬೆಲೆಯನ್ನು ಮೊದಲೇ ನೋಡಿಕೊಂಡು ಬಂದಿದ್ದರು. "ಕಿಟ್ಟಿಗೆ ಇಷ್ಟು, ಫಿಟ್ಟಿಂಗಿಗೆ ಒಂದಿಷ್ಟು. ಅಷ್ಟೇ ಅಲ್ವಾ?" ಅಂದರು.

"ಅದಿರಲಿ ಸರ್, ಈಗ ಗಾಡಿಗೆ ಏನು ತೊಂದರೆ ಹೇಳಿ," ಅಂದೆ.

ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಟ್ರಾಫಿಕ್ಕಿನಲ್ಲಿ ಬಿಸಿಯಾದರೆ ಆಫ್ ಆಗುತ್ತೆ. ಐಡ್ಲಿಂಗ್ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಇದೆಲ್ಲ ಕಾರ್ಬೊರೇಟರಿನ ಹಣೆಬರಹ ಅಂತ ಅವರು ನಂಬಿದ್ದರು.

ಈ ಕೆಲಸದಲ್ಲಿ ನಾನು ಕಲಿತದ್ದು ಇಲ್ಲಿದೆ. ಇಂಜೆಕ್ಷನ್ನನ್ನು ಕೆಟ್ಟ ಕಾರ್ಬೊರೇಟರಿಗೆ ಹೋಲಿಸಿದರೆ ಯಾವಾಗಲೂ ಇಂಜೆಕ್ಷನ್ನೇ ಗೆಲ್ಲುತ್ತೆ. ಚೆನ್ನಾಗಿರುವ ಕಾರ್ಬೊರೇಟರಿಗೆ ಹೋಲಿಸಿ ನೋಡಿದಾಗಲೇ ಕೊಡುವ ದುಡ್ಡಿಗೆ ಏನು ಸಿಗುತ್ತೆ ಅನ್ನುವುದು ಗೊತ್ತಾಗುವುದು.

ಬಾನೆಟ್ ಎತ್ತಿದೆವು. 1798 ಸಿಸಿ ಎಂಜಿನ್, ಪಕ್ಕದಲ್ಲಿ ಎರಡು ಎಸ್‌ಯು ಎಚ್‌ಎಸ್4 ಕಾರ್ಬೊರೇಟರ್. ಎಸ್‌ಯು ಸರಳವಾದ ಯಂತ್ರ. ಒಳಗೆ ಒಂದು ಪಿಸ್ಟನ್, ಅದರ ತುದಿಯಲ್ಲಿ ಚೂಪಾದ ಸೂಜಿ, ಕೆಳಗೆ ಜೆಟ್. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತೆ, ಸೂಜಿಯೂ ಜೊತೆಗೇ ಏಳುತ್ತೆ, ಪೆಟ್ರೋಲಿಗೆ ದಾರಿ ಅಗಲವಾಗುತ್ತೆ. ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಸಲೀಸಾಗಿ ಇಳಿದು ಟಕ್ ಅಂತ ಕೂರಬೇಕು. ಇದರಲ್ಲಿ ಎರಡೂ ಚೆನ್ನಾಗಿಯೇ ಕೂತವು. ಡ್ಯಾಶ್‌ಪಾಟಿನಲ್ಲಿ ಮಾತ್ರ ಎಣ್ಣೆಯೇ ಇರಲಿಲ್ಲ.

ಆಮೇಲೆ ಎಂಜಿನ್ ಓಡುತ್ತಿರುವಾಗ ಗಾಳಿಯ ಬಾಗಿಲನ್ನು ತಿರುಗಿಸುವ ಕಡ್ಡಿ, ಅಂದರೆ ಥ್ರಾಟಲ್ ಶಾಫ್ಟಿನ ತುದಿಗೆ ಕಾರ್ಬ್ ಕ್ಲೀನರ್ ಸ್ವಲ್ಪ ಸ್ಪ್ರೇ ಮಾಡಿದೆ. ಐಡ್ಲಿಂಗ್ ತಟ್ಟನೆ ಬದಲಾಯಿತು. ಅಲ್ಲಿಗೆ ವಿಷಯ ಗೊತ್ತಾಯಿತು. ಐವತ್ತು ವರ್ಷ ತಿರುಗಿ ತಿರುಗಿ ಶಾಫ್ಟ್ ಸವೆದಿದೆ, ಸಂದಿಯಲ್ಲಿ ಗಾಳಿ ಒಳಗೆ ನುಗ್ಗುತ್ತಿದೆ. ಹೀಗಿದ್ದಾಗ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಟ್ರಾಫಿಕ್ಕಿನಲ್ಲಿ ಆಫ್ ಆಗುವುದಕ್ಕೆ ಕಾರಣ ಬೇರೆ. ಎಂಜಿಬಿಯಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಎಂಜಿನ್ನಿನ ಒಂದೇ ಪಕ್ಕದಲ್ಲಿ. ಕಾರ್ಬೊರೇಟರಿಗೂ ಎಕ್ಸಾಸ್ಟಿಗೂ ನಡುವೆ ಇರುವುದು ಒಂದು ಹೀಟ್ ಶೀಲ್ಡ್ ತಗಡು, ಅಷ್ಟೇ. ಈ ಗಾಡಿಯ ಶೀಲ್ಡಿನಲ್ಲಿ ಶಾಖ ತಡೆಯುವ ಪದರವೇ ಉದುರಿಹೋಗಿತ್ತು. ಜೊತೆಗೆ 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲ್ ಅಂದರೆ ಇ10, ಅಂದರೆ 10% ವರೆಗೆ ಎಥನಾಲ್. ಹಳೇ ಪೆಟ್ರೋಲಿಗಿಂತ ಇದು ಬೇಗ ಆವಿಯಾಗುತ್ತೆ. ಹಾಗೆ ಆವಿಯಾದರೆ ಎಂಜಿನ್ನಿಗೆ ಪೆಟ್ರೋಲ್ ಸರಿಯಾಗಿ ಸಿಗದೆ ಗಾಡಿ ನಿಲ್ಲುತ್ತೆ.

ಇದಿಷ್ಟನ್ನೂ ಸರಿಮಾಡಲು ಕೆಲವು ನೂರು ಪೌಂಡ್ ಸಾಕು. ಹೊಸ ಶಾಫ್ಟ್ ಮತ್ತು ಬುಷ್, ಹೊಸ ಸೂಜಿ, ಜೆಟ್, ಶೀಲ್ಡ್, ಎಥನಾಲ್ ತಡೆಯುವ ಪೈಪುಗಳು.

ಇನ್ನು ಇಂಜೆಕ್ಷನ್ ಪಟ್ಟಿ. ಥ್ರಾಟಲ್ ಬಾಡಿ, ಇಂಜೆಕ್ಟರ್, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ (ಇಸಿಯು), ಸೆನ್ಸಾರ್ ಇವು ಕಿಟ್ಟಿನಲ್ಲಿ ಬರುತ್ತವೆ. ಕೈ ಕಚ್ಚುವುದು ಕಿಟ್ಟಿನ ಹೊರಗಿರುವ ಕೆಲಸ. ಹಳೇ ಎಸ್‌ಯು ಪಂಪು ಕೊಡುವ ಒತ್ತಡ 3 ಪಿಎಸ್‌ಐ ಆಸುಪಾಸು. ಇಂಜೆಕ್ಟರಿಗೆ ಸಾಮಾನ್ಯವಾಗಿ 3 ಬಾರ್ ಬೇಕು, ಅಂದರೆ 43 ಪಿಎಸ್‌ಐ. ಹಾಗಾಗಿ ಹೊಸ ಪಂಪು, ಹೊಸ ಫಿಲ್ಟರ್, ಮುಂದಿನವರೆಗೆ ಗಟ್ಟಿ ಲೈನು, ಉಳಿದ ಪೆಟ್ರೋಲ್ ಟ್ಯಾಂಕಿಗೆ ಮರಳಲು ಇನ್ನೊಂದು ಲೈನು. ಈ ಒತ್ತಡದಲ್ಲಿ ಒಂದು ಕ್ಲಿಪ್ ಸಡಿಲವಾದರೂ ಪೆಟ್ರೋಲ್ ಬಿಸಿ ಎಕ್ಸಾಸ್ಟ್ ಮೇಲೆ ಚಿಮ್ಮುತ್ತೆ. ಅದಕ್ಕೇ ಇಲ್ಲಿ ಒಂದು ಪೈಸೆಯನ್ನೂ ಉಳಿಸಲು ನಾನು ಒಪ್ಪುವುದಿಲ್ಲ.

ಟ್ಯಾಂಕಿನದ್ದೂ ಒಂದು ಕಥೆಯಿದೆ. ಪೆಟ್ರೋಲ್ ಕಮ್ಮಿಯಿದ್ದು ತಿರುವಿನಲ್ಲಿ ಜೋರಾಗಿ ಹೋದರೆ ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುತ್ತೆ. ಕಾರ್ಬೊರೇಟರಿನ ಫ್ಲೋಟ್ ಬೌಲಿನಲ್ಲಿ ಒಂದಿಷ್ಟು ಪೆಟ್ರೋಲ್ ಸದಾ ಇರುವುದರಿಂದ ಅದಕ್ಕೆ ಅದು ಗೊತ್ತೇ ಆಗುವುದಿಲ್ಲ. ಇಂಜೆಕ್ಷನ್ ಆದರೆ ತಕ್ಷಣ ಜರ್ಕ್. ಹಾಗಾಗಿ ಸ್ವಲ್ಪ ಪೆಟ್ರೋಲನ್ನು ಸದಾ ಹಿಡಿದಿಡುವ ಪುಟ್ಟ ಡಬ್ಬಿ, ಅಂದರೆ ಸ್ವರ್ಲ್ ಪಾಟ್ ಕೂಡ ಪಟ್ಟಿಗೆ ಸೇರಿತು.

ಎಲ್ಲಕ್ಕಿಂತ ಕಷ್ಟದ್ದು ಎಂಜಿನ್ನಿನ ಒಳಗಿದೆ. ಎಂಜಿಬಿಯ ಬಿ-ಸೀರೀಸ್ ಎಂಜಿನ್ನಿಗೆ ಸಿಲಿಂಡರ್ ನಾಲ್ಕು, ಗಾಳಿ ಒಳಬರುವ ಪೋರ್ಟ್ ಮಾತ್ರ ಎರಡು. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಸಿಲಿಂಡರುಗಳು ಉರಿಯುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2. ಅಂದರೆ ಒಂದೇ ಪೋರ್ಟಿನ ಇಬ್ಬರು ಒಬ್ಬರ ಹಿಂದೆ ಒಬ್ಬರು ಗಾಳಿ ಎಳೆಯುತ್ತಾರೆ, ಆಮೇಲೆ ದೊಡ್ಡ ಬಿಡುವು. ಇಂಜೆಕ್ಟರ್ ಯಾವ ಕ್ಷಣದಲ್ಲಿ ತೆರೆಯಬೇಕು ಅನ್ನುವುದು ಸರಿ ಹೊಂದದಿದ್ದರೆ ಒಂದು ಸಿಲಿಂಡರಿಗೆ ಪೆಟ್ರೋಲ್ ಜಾಸ್ತಿ, ಪಕ್ಕದ್ದಕ್ಕೆ ಕಮ್ಮಿ. ಕಮ್ಮಿ ಸಿಕ್ಕಿದ್ದು ಬಿಸಿಯಾಗಿ ಪಿಸ್ಟನ್ನನ್ನೇ ತಿನ್ನಬಹುದು. ಮಿನಿಯ ಎ-ಸೀರೀಸ್ ಎಂಜಿನ್ನೂ ಇದೇ ಜಾತಿಯದು. ರೋವರ್ ಕಂಪನಿಯೇ 1991ರಲ್ಲಿ ಮಿನಿ ಕೂಪರಿಗೆ ಮೊದಲು ಒಂದೇ ಇಂಜೆಕ್ಟರ್ ಹಾಕಿತು. ಎರಡು ಇಂಜೆಕ್ಟರ್ ಬಂದದ್ದು 1996ರಲ್ಲಿ. ಕಾರ್ಖಾನೆಯವರಿಗೇ ಅಷ್ಟು ಸಮಯ ಹಿಡಿದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದಕ್ಕೆ ಗಾಡಿಯನ್ನು ನಿಂತಲ್ಲೇ ರೋಲರ್ ಮೇಲೆ ಓಡಿಸಿ ಅಳೆಯುವ ರೋಲಿಂಗ್ ರೋಡ್ ಬೇಕು, ಈ ಎಂಜಿನ್ ಗೊತ್ತಿರುವ ಟ್ಯೂನರ್ ಬೇಕು, ಅವರ ಸಮಯಕ್ಕೆ ದುಡ್ಡೂ ಬೇಕು.

ಎಲ್ಲ ಕೂಡಿಸಿದರೆ ಲೇಬರ್ ಸೇರಿ 4,000 ಪೌಂಡ್ ದಾಟಿತು. ಅದರಲ್ಲಿ ಕಿಟ್‌ನ ಪಾಲು ಅರ್ಧದಷ್ಟು.

ಮೈಲೇಜ್ ಉಳಿತಾಯದ ಲೆಕ್ಕವನ್ನೂ ಅವರೆದುರೇ ಹಾಕಿದೆ. ವರ್ಷಕ್ಕೆ 2,000 ಮೈಲಿ, ಗ್ಯಾಲನ್ನಿಗೆ 25 ಮೈಲಿ. ಹಾಗಾದರೆ 80 ಗ್ಯಾಲನ್, ಸುಮಾರು 364 ಲೀಟರ್. ಇಂಜೆಕ್ಷನ್‌ನಿಂದ ಮೈಲೇಜ್ 15% ಜಾಸ್ತಿಯಾಯಿತು ಅಂತಲೇ ಇಟ್ಟುಕೊಳ್ಳೋಣ. ಉಳಿಯುವುದು 47 ಲೀಟರ್. ಲೀಟರಿಗೆ 1.40 ಪೌಂಡ್ ಅಂದರೂ ವರ್ಷಕ್ಕೆ 66 ಪೌಂಡ್. ಹಾಕಿದ ಬಂಡವಾಳ ವಾಪಸ್ ಬರೋಕೆ 60 ವರ್ಷ. ಅವರು ಕಾಗದವನ್ನೇ ಸ್ವಲ್ಪ ಹೊತ್ತು ನೋಡಿದರು. "ಮೊದಲು ಕಾರ್ಬೊರೇಟರ್ ಸರಿಮಾಡಪ್ಪಾ. ಓಡಿಸಿ ನೋಡ್ತೀನಿ," ಅಂದರು.

ಇಂಜೆಕ್ಷನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ದಿನಾ ಓಡಿಸುವವರಿಗೆ, ಆಲ್ಪ್ಸ್ ಬೆಟ್ಟಗಳಿಗೆ ಹೋಗುವವರಿಗೆ, ಸೂಪರ್‌ಚಾರ್ಜರ್ ಹಾಕಿದವರಿಗೆ ಅದು ನಿಜವಾಗಿಯೂ ಒಳ್ಳೆಯದು. ಎತ್ತರ ಬದಲಾದ ಹಾಗೆ ಪೆಟ್ರೋಲ್ ತಾನೇ ಹೊಂದಿಕೊಳ್ಳುತ್ತೆ, ಚಳಿಯಲ್ಲಿ ಚೋಕ್ ಎಳೆಯುವ ಕೆಲಸವಿಲ್ಲ. ಅಂಥ ಗಾಡಿ ಓಡಿಸುವ ಖುಷಿಯೇ ಬೇರೆ. ಆದರೆ ಅದಕ್ಕೆ ಬೇಕಾದ ಪಂಪು, ಲೈನು, ಟ್ಯೂನಿಂಗ್ ಮೂರಕ್ಕೂ ಪೂರ್ತಿ ದುಡ್ಡು ತೆಗೆದಿಡಬೇಕು. 1967ರ ಟ್ರಯಂಫ್ ಟಿಆರ್5 ಕಾರ್ಖಾನೆಯಿಂದಲೇ ಲ್ಯೂಕಾಸ್ ಇಂಜೆಕ್ಷನ್ ಜೊತೆ ಬಂದ ಕಾರು. ಅದರ ಒತ್ತಡ 100 ಪಿಎಸ್‌ಐಗೂ ಮೇಲೆ. ಪಂಪು ಬಿಸಿಯಾಗಿ ಕೈಕೊಡುತ್ತೆ ಅಂತ ಬೇಸತ್ತು ಕಾರ್ಬೊರೇಟರಿಗೆ ಮರಳಿದ ಮಾಲೀಕರೂ ಇದ್ದಾರೆ.

ಹಾಕಿಸಲೇಬೇಕು ಅಂತಿದ್ದರೆ ತೆಗೆದ ಕಾರ್ಬೊರೇಟರ್, ಮ್ಯಾನಿಫೋಲ್ಡ್, ಪಂಪು ಎಲ್ಲವನ್ನೂ ಚೀಟಿ ಅಂಟಿಸಿ ಎತ್ತಿಡಿ. ಮುಂದೆ ಗಾಡಿ ಮಾರುವಾಗ ಅವು ಜೊತೆಗಿದ್ದರೆ ಬೆಲೆ ನಿಲ್ಲುತ್ತೆ. ಎಸ್ಟಿಮೇಟ್ ಕೇಳುವಾಗ ಟ್ಯೂನಿಂಗ್ ಸಮಯವನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.

ಬೆಂಗಳೂರು, ಮೈಸೂರಿನಲ್ಲಿ ಹಳೇ ಪದ್ಮಿನಿ, ಹೆರಾಲ್ಡ್ ಇಟ್ಟುಕೊಂಡಿರುವ ಗೆಳೆಯರೂ ಇದನ್ನೇ ಕೇಳುತ್ತಾರೆ. ಅಲ್ಲಿ ಈಗ ಇ20 ಪೆಟ್ರೋಲ್, ಅಂದರೆ 20% ವರೆಗೆ ಎಥನಾಲ್. ಅದು ಹಳೇ ರಬ್ಬರನ್ನು ಹಾಳುಮಾಡುತ್ತೆ. ನೀವು ಕಿಟ್ ಹುಡುಕುವ ಮುಂಚೆ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಫ್ಲೋಟ್ ಇವನ್ನು ಈ ವಾರವೇ ಬಿಚ್ಚಿ ನೋಡಿ. ಪೈಪು ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಗಾಡಿ ಹೊರಗೆ ತೆಗೆಯಬೇಡಿ, ಮೊದಲು ಬದಲಾಯಿಸಿ.