ಕ್ರಿತ್ಸಾ ಗ್ರಾಮಸ್ಥರ ಚರ್ಚು

ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಕ್ರಿತ್ಸಾ ಎಂಬ ಊರಿದೆ. ಊರು ಇನ್ನೂ ಒಂದು ಕಿಲೋಮೀಟರಿನಷ್ಟು ದೂರವಿರುವಾಗಲೇ, ಆಲಿವ್ ತೋಪಿನ ನಡುವೆ, ಸುಣ್ಣ ಬಳಿದ ಗೋಡೆಗಳ ಪುಟ್ಟ ಚರ್ಚೊಂದು ಸಿಗುತ್ತದೆ. ಅದೇ ಮೇರಿಮಾತೆಯ ಪನಾಯಿಯಾ ಕೆರಾ. ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳನ್ನು ಕತ್ತೆತ್ತಿ ನೋಡುತ್ತ ಮೈಸೂರಿನಲ್ಲಿ ಬೆಳೆದ ನನಗೆ, ಇಷ್ಟು ತಗ್ಗಾದ ಕಟ್ಟಡದೊಳಗೆ ಇಷ್ಟೊಂದು ಸಂಪತ್ತು ಇದ್ದೀತೆಂಬ ನಿರೀಕ್ಷೆಯೇ ಇರಲಿಲ್ಲ.

ಒಳಗೆ ಮೂರು ಅಂಕಣಗಳು ಒಂದರ ಪಕ್ಕದಲ್ಲೊಂದಿವೆ. ನಡುವಿನದು ಎಲ್ಲಕ್ಕಿಂತ ಹಳೆಯದು, ಮೇರಿಮಾತೆಯದು. ದಕ್ಷಿಣದ್ದು ಆಕೆಯ ತಾಯಿ ಸಂತ ಅನ್ನಾಳದ್ದು. ಉತ್ತರದ್ದು ಸಂತ ಆಂಟನಿಯದು. 13 ಮತ್ತು 14ನೆಯ ಶತಮಾನಗಳಲ್ಲಿ ಗಾರೆಯ ಮೇಲೆ ಬರೆದ ಚಿತ್ರಗಳು ಗೋಡೆ, ಕಮಾನುಗಳನ್ನೆಲ್ಲ ತುಂಬಿವೆ. ಆಗ ಕ್ರೀಟನ್ನು ಆಳುತ್ತಿದ್ದವರು ರೋಮಿನ ಪಂಥಕ್ಕೆ ಸೇರಿದ ವೆನಿಸಿನವರು, ಹಳ್ಳಿಗರು ಆರ್ಥಡಾಕ್ಸ್ ಪಂಥದವರು. ಹಾಗಿದ್ದೂ ಇಲ್ಲಿನ ಕಂಬವೊಂದರ ಮೇಲೆ ರೋಮಿನ ಪಂಥದವರ ಸಂತರಾದ ಅಸಿಸಿಯ ಫ್ರಾನ್ಸಿಸರ ಚಿತ್ರವಿರುವುದು ನನಗೆ ಬಹಳ ಹಿಡಿಸಿತು.

ನಾನು ಹೆಚ್ಚು ಹೊತ್ತು ನಿಂತದ್ದು ಅನ್ನಾಳ ಅಂಕಣದಲ್ಲಿ. ಬೈಬಲಿನಲ್ಲಿ ಸೇರದ, ಆದರೆ ಜನರ ಬಾಯಲ್ಲಿ ಉಳಿದುಬಂದ ಕಥೆ ಇಲ್ಲಿದೆ. ಮಕ್ಕಳಿಲ್ಲದವನೆಂಬ ಕಾರಣಕ್ಕೆ ಅನ್ನಾಳ ಗಂಡ ಯೋವಾಕೀಮನ ಕಾಣಿಕೆಯನ್ನು ದೇವಾಲಯದಲ್ಲಿ ತಿರಸ್ಕರಿಸುತ್ತಾರೆ; ಆತ ನೊಂದು ಮನೆ ಬಿಟ್ಟುಹೋಗುತ್ತಾನೆ. ಮಗುವಾಗುವುದೆಂದು ದೇವದೂತ ತಿಳಿಸಿದ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಜೊತೆಗಿದ್ದ ಚಿಕ್ಕಮ್ಮನಿಗೆ ಇದನ್ನು ವಿವರಿಸಿದಾಗ, ಬಹುಕಾಲ ಮಕ್ಕಳಿಲ್ಲದೆ ಮದ್ದೂರಿನ ಬಂಧುಬಳಗದಲ್ಲಿ ಮಾತು ಕೇಳಿಸಿಕೊಂಡಿದ್ದ ಅವರು, “ಗುಡೀಲೂ ಹಿಂಗೇ ಅಂದ್ಬುಟ್ರಾ?” ಎಂದು ಆ ಚಿತ್ರದ ಮುಂದೆಯೇ ಉಳಿದುಬಿಟ್ಟರು.

ಉತ್ತರದ ಅಂಕಣದಲ್ಲಿ ದಾನಿ ಗಿಯೋರ್ಗೋಸ್ ಮಜೆಜಾನಿಸ್ ಹೆಂಡತಿ ಮತ್ತು ಪುಟ್ಟ ಮಗುವಿನೊಡನೆ ನಿಂತಿದ್ದಾನೆ. ಸಂತರೂ ದೇವದೂತರೂ ತುಂಬಿದ ಗೋಡೆಯಲ್ಲಿ ಒಂದು ಸಂಸಾರಕ್ಕೆ ಸಿಕ್ಕಿದ ಜಾಗವದು. ದಕ್ಷಿಣದ ಅಂಕಣದ ಬರಹವಂತೂ ಇನ್ನೂ ದೊಡ್ಡ ಮಾತನ್ನು ಹೇಳುತ್ತದೆ: ಖರ್ಚು ಕೊಟ್ಟವರು ಆಂಟೋನಿಯೋಸ್ ಲಾಮೆರಾಸ್ ಮತ್ತು ಕ್ರಿತ್ಸಾ ಗ್ರಾಮ. ಒಬ್ಬನ ಹೆಸರಿನ ಜೊತೆಗೆ ಇಡೀ ಊರೇ ದಾನಿಯಾಗಿ ನಿಂತಿದೆ.

ಮಂಡ್ಯ ಜಿಲ್ಲೆಯ ಶಾಸನಗಳನ್ನು ಓದುವ ಹವ್ಯಾಸವಿರುವವರಿಗೆ ಇದು ಪರಿಚಿತ ದನಿ. ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿ ಅಧಿಕಾರಿಗಳ ಜೊತೆಗೆ ಸಮಸ್ತ ಪ್ರಜೆಗಾವುಂಡುಗಳೂ, ಅಂದರೆ ಊರಿನ ಮುಖಂಡರೆಲ್ಲರೂ, ಸೇರಿ ದೇವರಿಗೆ ಭೂಮಿ ಬಿಟ್ಟದ್ದನ್ನು ಕಾಣುತ್ತೇವೆ. ಕೆರೆಯ ಕೆಳಗಿನ ಗದ್ದೆ, ನಂದಾದೀಪದ ಎಣ್ಣೆ, ಎಲ್ಲವೂ ಅಲ್ಲಿ ದಾಖಲಾಗಿರುತ್ತವೆ. ಇದೇ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರಷ್ಟು ಹಿಂದೆಯೇ, ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿ ಹೆಸರು ಬರೆಸಿದರು. ಅರಸರ ಹೆಸರು ಹೇಗೂ ಉಳಿಯುತ್ತದೆ. ಊರಿನವರ ಹೆಸರು ಉಳಿಯಬೇಕಾದರೆ ಇಂಥ ಕಲ್ಲು, ಇಂಥ ಗೋಡೆಯೇ ಬೇಕು. ಕ್ರಿತ್ಸಾದ ಬರಹವನ್ನು ಅಲ್ಲಿನವರು ಜೋಪಾನವಾಗಿ ಕಾಪಾಡಿದ್ದಾರೆ. ನಮ್ಮ ಎಷ್ಟೋ ಶಾಸನಗಳು ಇನ್ನೂ ತಿಪ್ಪೆಯ ಪಕ್ಕದಲ್ಲಿ, ದನ ಕಟ್ಟುವ ಕಲ್ಲುಗಳಾಗಿ ಸವೆಯುತ್ತಿರುವುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಹೋಗುವ ಯೋಚನೆ ಇರುವವರು ಆಯಿಯೋಸ್ ನಿಕೋಲಾವೊಸ್ ಪಟ್ಟಣದಲ್ಲಿ ಉಳಿದುಕೊಳ್ಳಬಹುದು; ಅಲ್ಲಿಂದ ಕ್ರಿತ್ಸಾಕ್ಕೆ ಸುಮಾರು 10 ಕಿಲೋಮೀಟರ್. ಹೊರಗಿನ ಬಿಸಿಲಿನಿಂದ ಒಳಗೆ ಬಂದಾಗ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಒಗ್ಗುವವರೆಗೆ ನಿಂತು, ಆಮೇಲೆ ಅನ್ನಾಳ ಅಂಕಣದಿಂದಲೇ ನೋಡಲು ಶುರುಮಾಡಿ.