ಬಿಲ್ಡರ್ ಕಟ್ಟಿದ ಹಳೆ ಮನೆ ನೋಡಿ, ಆಮೇಲೆ ಹೊಸದು

ನಾನು ವಿಜಯಪುರದಲ್ಲಿ ಸಿವಿಲ್ ಇಂಜಿನಿಯರ್. ಮನೆ ಸಾಲ ಮಂಜೂರು ಮಾಡುವ ಮೊದಲು ಬ್ಯಾಂಕಿನವರು ಮನೆಗೆ ಬೆಲೆ ಕಟ್ಟಿಸುತ್ತಾರಲ್ಲ, ಆ ವ್ಯಾಲ್ಯುಯೇಶನ್ ಕೆಲಸ ಮಾಡುತ್ತೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು, ಯಾಕಂದ್ರೆ ಇದನ್ನು ತಪ್ಪು ತಿಳಿದವರು ತುಂಬಾ ಜನ. "ಬ್ಯಾಂಕಿನವರ ಬಂದು ನೋಡಿ ಸಾಲಾ ಕೊಟ್ಟಾರ್ರೀ, ಅಂದ್ರ ಮನಿ ಗಟ್ಟಿನ ಇರ್ತದಲ್ರೀ" ಅನ್ನುತ್ತಾರೆ. ಹಾಗಲ್ಲ. ನಾನು ನೋಡುವುದು ಅಳತೆ, ಮಂಜೂರಾದ ನಕ್ಷೆ, ಕಟ್ಟಡದ ವಯಸ್ಸು, ಆ ಭಾಗದಲ್ಲಿ ನಡೆಯುತ್ತಿರುವ ರೇಟು. ಸಾಲ ಮುಳುಗಿದರೆ ಮನೆ ಮಾರಿ ಎಷ್ಟು ಬಂದೀತು ಅನ್ನೋದು ಬ್ಯಾಂಕಿನ ಚಿಂತೆ. ಪಾಯದಲ್ಲಿ ಏನು ಹಾಕಿದ್ದಾರೆ, ಗಿಲಾವಿಗೆ ಎಷ್ಟು ದಿನ ನೀರು ಹೊಡೆದಿದ್ದಾರೆ ಅನ್ನುವುದು ಆ ವರದಿಯಲ್ಲಿ ಇರುವುದಿಲ್ಲ. ಅದನ್ನು ನೀವೇ ನೋಡಬೇಕು, ಅಥವಾ ದುಡ್ಡು ಕೊಟ್ಟು ಬೇರೆ ಇಂಜಿನಿಯರ್ ಕಡೆಯಿಂದ ನೋಡಿಸಬೇಕು.

ಹೊಸದಾಗಿ ಮುಗಿದ ಮನೆಯಲ್ಲಿ ಪುಟ್ಟಿ, ಬಣ್ಣ, ಫಾಲ್ಸ್ ಸೀಲಿಂಗ್, ಹೊಳೆಯುವ ಟೈಲ್ಸ್ ಎಲ್ಲ ಚೆಂದ ಇರುತ್ತದೆ. ಆದರೆ ಒಂದು ಮಳೆಗಾಲ, ಒಂದು ಬೇಸಿಗೆ ದಾಟದ ಮನೆಯನ್ನು ನೋಡಿ ಬಿಲ್ಡರ್ ಹೇಗೆ ಅಂತ ಹೇಳುವುದು ಕಷ್ಟ. ನಮ್ಮ ಜಿಲ್ಲೆಯಲ್ಲಂತೂ ಇನ್ನೂ ಕಷ್ಟ. ಕಾರಣ ಎರೆ ಮಣ್ಣು, ಅಂದರೆ ನಮ್ಮ ಕಪ್ಪು ಮಣ್ಣು.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲ ಕೈ ತೂರುವಷ್ಟು ಬಾಯಿ ಬಿಟ್ಟಿರುವುದನ್ನು ಇಲ್ಲಿಯವರೆಲ್ಲ ನೋಡಿದ್ದಾರೆ. ಮನೆಯ ಕೆಳಗೂ ಅದೇ ಮಣ್ಣು. ಸೆಪ್ಟೆಂಬರ್ ಮಳೆಗೆ ಎತ್ತುತ್ತದೆ, ಬೇಸಿಗೆಗೆ ಇಳಿಸುತ್ತದೆ. ಅದಕ್ಕೇ ಪಾಯ ಕಪ್ಪು ಮಣ್ಣು ದಾಟಿ ಗಟ್ಟಿ ಗರಸು (ಕಲ್ಲುಹರಳು ಬೆರೆತ ಮಣ್ಣು) ಇಲ್ಲವೇ ಬಂಡೆ ಮುಟ್ಟಬೇಕು. ಕಪ್ಪು ಮಣ್ಣು ತುಂಬಾ ಆಳ ಇದ್ದರೆ ತಳದಲ್ಲಿ ಅಗಲ ಮಾಡಿದ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಹಾಕಬೇಕು, ಅದೂ ನೆಲಮಟ್ಟದಿಂದ ಕನಿಷ್ಠ 3.5 ಮೀಟರ್ ಇಳಿದಿರಬೇಕು. ನಮ್ಮೂರಿನ ವಿಶೇಷ ಅಂದರೆ ಒಂದು ಕಡೆ ಸ್ವಲ್ಪ ಅಗೆದರೇ ಬಂಡೆ ಸಿಗುತ್ತದೆ, ಇನ್ನೊಂದು ಕಡೆ ಎಷ್ಟು ಅಗೆದರೂ ಕಪ್ಪು ಮಣ್ಣೇ. 1656ರಲ್ಲಿ ಮುಗಿದ ಗೋಳಗುಮ್ಮಟ ಅಷ್ಟು ಭಾರ ಹೊತ್ತೂ ಒಂದು ಕಡೆಗೆ ಕುಸಿದಿಲ್ಲ, ಯಾಕಂದ್ರೆ ಅದರ ಪಾಯ ಬಂಡೆಯ ಮೇಲೆ ಕೂತಿದೆ. ಹಾಗಾಗಿ "ಪಕ್ಕದ ಓಣಿಯಲ್ಲಿ ಏನೂ ಆಗಿಲ್ಲ" ಅನ್ನುವ ಮಾತು ನಂಬಬೇಡಿ. ನಿಮ್ಮ ಪ್ಲಾಟಿನಲ್ಲಿ ಎಷ್ಟು ಅಡಿಗೆ ಗರಸು ಸಿಕ್ಕಿತು ಅಂತ ಕೇಳಿ. ಪಾಯ ತೋಡುವಾಗ ತೆಗೆದ ಫೋಟೋ ಕೇಳಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಒಳ್ಳೆಯ ಬಿಲ್ಡರ್ ಆ ಫೋಟೋಗಳನ್ನು ತಾನಾಗಿಯೇ ತೋರಿಸುತ್ತಾನೆ.

ಪಾಯ ಸರಿ ಇದ್ದೂ ಮನೆ ಕೆಡುವುದುಂಟು. ಪ್ಲಿಂತ್ ಒಳಗಿನ, ಅಂದರೆ ಪಾಯದ ಮೇಲೆ ಮನೆಯ ನೆಲದ ಕೆಳಗೆ ತುಂಬುವ ಭರ್ತಿಯಲ್ಲಿ ಆಗುವ ಉಳಿತಾಯ ಹೊರಗಿನವರಿಗೆ ಕಾಣುವುದೇ ಇಲ್ಲ. ಪಾಯ ತೋಡಿದಾಗ ಬಂದ ಕಪ್ಪು ಮಣ್ಣನ್ನು ಹೊರಗೆ ಸಾಗಿಸಬೇಕು, ಗರಸು ತಂದು ಪದರ ಪದರವಾಗಿ ನೀರು ಹಾಕಿ ಧಮ್ಮಸ್ ಹೊಡೆಯಬೇಕು. ಎರಡೂ ಕಡೆ ಟಿಪ್ಪರ್ ಬಾಡಿಗೆ ಬೀಳುತ್ತದೆ. ಅದನ್ನು ಉಳಿಸಲು ಅದೇ ಮಣ್ಣನ್ನು ಒಳಗೆ ಸುರಿದು ಮೇಲೆ ಕಾಂಕ್ರೀಟ್ ಹಾಕಿಬಿಡುತ್ತಾರೆ.

ನಿವೃತ್ತ ಮಾಸ್ತರರೊಬ್ಬರ ಮನೆ ನೋಡಲು ಹೋಗಿದ್ದೆ. ಕೊಂಡು ಎರಡು ವರ್ಷ ಆಗಿತ್ತು, ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವುದಿತ್ತು. ಹಾಲ್‌ನ ನಡುವೆ ಟೈಲ್ಸ್ ಉಬ್ಬಿ ಎರಡು ಎದ್ದೇ ಬಿಟ್ಟಿದ್ದವು. ಬಚ್ಚಲಿನ ಬಾಗಿಲು ಅರ್ಧಕ್ಕೆ ಬಂದು ನೆಲಕ್ಕೆ ತಾಗಿ ನಿಲ್ಲುತ್ತಿತ್ತು. "ಒಳಗ ಏನ್ ತುಂಬಿದ್ರು ಸರ್?" ಅಂತ ಕೇಳಿದೆ. "ನಾ ಆವಾಗ ಇದೇ ಓಣ್ಯಾಗ ಬಾಡಗಿ ಇದ್ದೆ ಸಾಹೇಬ್ರ. ಗರಸಿನ ಟಿಪ್ಪರ್ ಬಂದಿದ್ದು ಒಮ್ಮೆನೂ ನೋಡಿಲ್ಲ" ಅಂದರು. ಎದ್ದ ಟೈಲ್ಸ್ ತೆಗೆದು ಕೆಳಗಿನ ತೆಳು ಕಾಂಕ್ರೀಟ್ ಒಡೆಸಿದರು. ಕೆಳಗೆ ಅಚ್ಚ ಕಪ್ಪು ಮಣ್ಣು, ಒದ್ದೆಯಾಗಿ ಸಲಿಕೆಗೆ ಅಂಟುತ್ತಿತ್ತು. ಪಿಂಚಣಿ ದುಡ್ಡಿನಲ್ಲಿ ಕೊಂಡ ಮನೆಯ ನೆಲವನ್ನು ಪೂರ್ತಿ ಕಿತ್ತು ಹಾಕಬೇಕಾಯಿತು. ಇಂಥದ್ದನ್ನು ನೋಡಿದಾಗ ತುಂಬಾ ಸಂಕಟವಾಗುತ್ತದೆ.

ಇದನ್ನು ಮುಗಿದ ಮನೆಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ. ಆದರೆ ಅದೇ ಬಿಲ್ಡರ್ ಈಗ ಇನ್ನೊಂದು ಕಡೆ ಕೆಲಸ ನಡೆಸುತ್ತಿರುತ್ತಾನೆ, ಅಲ್ವಾ? ಹೇಳದೆ ಅಲ್ಲಿಗೆ ಹೋಗಿ. ಪ್ಲಿಂತ್ ಒಳಗೆ ಬಿದ್ದಿರುವ ಮಣ್ಣಿನ ಬಣ್ಣ ನೋಡಿ. ಗೌಂಡಿ ಜೊತೆ ಎರಡು ಮಾತಾಡಿ, ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಆಮೇಲೆ ಅವನೇ ಎರಡು ಮೂರು ವರ್ಷದ ಹಿಂದೆ ಕಟ್ಟಿ ಮಾರಿದ ಮನೆಗಳ ವಿಳಾಸ ಕೇಳಿ. ಆ ಮನೆಯವರು ಚಹಾ ಕೊಟ್ಟು ಎಲ್ಲ ಹೇಳುತ್ತಾರೆ. ಅಲ್ಲಿ ಬಿರುಕು ನೋಡಿ. ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಬಲೆಯಂತೆ ಹರಡಿದ ಕೂದಲೆಳೆ ಬಿರುಕು ಗಿಲಾವಿನದು. ಕಾಲಂ ಮತ್ತು ಗೋಡೆ ಸೇರುವಲ್ಲಿ ನೆಟ್ಟಗೆ ಗೆರೆ ಬಿದ್ದಿದ್ದರೆ ಬಹುಪಾಲು ಅಲ್ಲಿ ಗಿಲಾವಿನ ಒಳಗೆ ಚಿಕನ್ ಮೆಶ್ (ತಂತಿ ಬಲೆ) ಹಾಕಿಲ್ಲ ಅಂತ ಅರ್ಥ, ರಿಪೇರಿ ಆಗುತ್ತದೆ. ಆದರೆ ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು, ಇಟ್ಟಿಗೆಯ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಬಿರುಕು ಕಂಡರೆ ಹೊರಗೆ ಹೋಗಿ ಅದೇ ಜಾಗ ನೋಡಿ. ಹೊರಗೂ ಇದ್ದರೆ ಗೋಡೆಯೇ ಸೀಳಿದೆ. ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಮೂಲೆ ಕುಸಿಯುತ್ತಿರಬಹುದು. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ ಅಂತ ಮನೆಯವರು ಹೇಳಿದರೆ ಅದು ಎರೆ ಮಣ್ಣಿನ ಕೆಲಸ. ಆ ಬಿಲ್ಡರ್‌ನ ಹೊಸ ಮನೆಯನ್ನು ಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ಇನ್ನೊಂದು ಪ್ರಶ್ನೆ ನನಗೆ ಬಹಳ ಮುಖ್ಯ: ಸ್ಲ್ಯಾಬ್ ಯಾವ ತಿಂಗಳಲ್ಲಿ ಹಾಕಿದ್ದು? ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ನೀರು ಉಣಿಸಬೇಕು, 14 ದಿನ ಮಾಡಿದರೆ ಒಳ್ಳೆಯದು ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬೋರ್ ಬತ್ತಿರುತ್ತದೆ, ಟ್ಯಾಂಕರ್ ನೀರಿಗೆ ದುಡ್ಡು ಜಾಸ್ತಿ. ಬೇಸಿಗೆಯಲ್ಲಿ ಸ್ಲ್ಯಾಬ್ ಹಾಕಿದ್ದರೆ ನೀರು ಎಲ್ಲಿಂದ ತಂದಿರಿ, ಯಾರು ಹೊಡೆದರು ಅಂತ ಬಿಡದೆ ಕೇಳಿ. ಗಿಲಾವಿನ ಪರೀಕ್ಷೆ ಸುಲಭ. ಬಣ್ಣ ಹಚ್ಚದ ಜಾಗ ಹುಡುಕಿ: ಪ್ಯಾರಪೆಟ್‌ನ ಹಿಂಬದಿ, ಟ್ಯಾಂಕಿನ ಕೆಳಗೆ, ಮೀಟರ್ ಬಾಕ್ಸ್ ಹಿಂದೆ. ಅಲ್ಲಿ ಕೀಲಿಯಿಂದ ಗೀರಿ. ಸಣ್ಣ ಗೆರೆ ಬಿದ್ದರೆ ಪರವಾಗಿಲ್ಲ. ಉಸುಕು ಉದುರುತ್ತಲೇ ಹೋದರೆ ನೀರು ಸಾಕಷ್ಟು ಸಿಕ್ಕಿಲ್ಲ, ಇಲ್ಲವೇ ಸಿಮೆಂಟ್ ಕಡಿಮೆ ಬಿದ್ದಿದೆ.

ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು ಇಳಿಜಾರು ನೋಡಿ. ಮಾಳಿಗೆಯಲ್ಲೂ ಅಷ್ಟೇ. ಟೈಲ್ಸ್ ಮೇಲೆ ನಾಣ್ಯ ಬಡಿದು ಟೊಳ್ಳು ಸದ್ದು ಕೇಳಿ. ಮಳೆ ನೀರು ಗೋಡೆ ಬುಡದಲ್ಲೇ ನಿಲ್ಲುತ್ತದೋ, ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿ ಹೊರಕ್ಕೆ ಹರಿಸಿದ್ದಾರೋ ನೋಡಿ. ಎರೆ ಮಣ್ಣಿನಲ್ಲಿ ಗೋಡೆ ಬುಡಕ್ಕೆ ನೀರು ಇಳಿಯಬಾರದು. ಇಂಗು ಗುಂಡಿ ಪಾಯಕ್ಕೆ ಅಂಟಿಕೊಂಡಿದ್ದರೆ ಅದೂ ತೊಂದರೆಯೇ.

ಕೊನೆಗೆ ಕಾಗದ. ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ ಕಾಯ್ದೆ 2016ರ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮ ಊರಿನ 30-40 ಅಡಿಯ ಪ್ಲಾಟು ಸುಮಾರು 111 ಚದರ ಮೀಟರ್ ಅಷ್ಟೇ. ಒಂಟಿ ಮನೆ ಕಟ್ಟಿ ಮಾರುವವರು ಹೆಚ್ಚಾಗಿ ಈ ವಿನಾಯಿತಿಯಲ್ಲೇ ಬರುತ್ತಾರೆ. ಆದ್ದರಿಂದ ಅದೇ 5 ವರ್ಷ, ಅದೇ 30 ದಿನದ ಮಾತನ್ನು ಖರೀದಿ ಕರಾರಿನಲ್ಲೇ ಬರೆಸಿಕೊಳ್ಳಿ. ಪಾಯದ ಆಳ, ಭರ್ತಿಗೆ ಗರಸು, ಸಿಮೆಂಟ್ ಮತ್ತು ಕಬ್ಬಿಣದ ಕಂಪನಿ ಹೆಸರು, ಸ್ಟ್ರಕ್ಚರಲ್ ಡ್ರಾಯಿಂಗ್‌ನ ಪ್ರತಿ, ಇಷ್ಟನ್ನೂ ಸೇರಿಸಿ. ಬರೆದುಕೊಡಲು ಹಿಂದೆ ಮುಂದೆ ನೋಡುವವರಿಗೆ ಅಡ್ವಾನ್ಸ್ ಕೊಡಬೇಡಿ.